ಬಿಸಿಲೂರಿನಲ್ಲೊಂದು ಚಳಿಜ್ವರ

ಮೇ ತಿಂಗಳ ಕಲಬುರಗಿ. ಹೊರಗೆ 42 ಡಿಗ್ರಿ. ಕಾಗೆಗಳೂ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ ನನ್ನ ಕಾರಿನ ಎಂಜಿನ್ ಮಾತ್ರ ತನಗೆ ಮೈನಸ್ 40 ಡಿಗ್ರಿ ಚಳಿ ಎಂದು ಹಟ ಹಿಡಿದು ಕೂತಿತ್ತು. ಸೆಲ್ಸಿಯಸ್ಸಿಗೂ ಫ್ಯಾರನ್‌ಹೀಟಿಗೂ ಒಮ್ಮತವಿರುವ ಜಾಗ ಅದೊಂದೇ, ಹಾಗಾಗಿ ಯಾವ ಲೆಕ್ಕದಲ್ಲಿ ಕೇಳಿದರೂ ಅದರ ಉತ್ತರ ಬದಲಾಗುವಂತಿರಲಿಲ್ಲ.

ರೋಗದ ಲಕ್ಷಣಗಳು ಮೊದಲೇ ಕಾಣಿಸಿದ್ದವು. ಮೈಲೇಜು ಬಿತ್ತು. ಹೊಗೆ ಕಪ್ಪಾಯಿತು. ನನ್ನ ಕಾರಿಗೆ ಟೆಂಪರೇಚರ್ ಮುಳ್ಳಿಲ್ಲ. ತಣ್ಣಗಿದ್ದರೆ ನೀಲಿ ದೀಪ, ಕುದಿದರೆ ಕೆಂಪು ದೀಪ. ನೀಲಿ ದೀಪ ಆರುವ ಮಾತೇ ಇಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೆಟ್ರೋಲಿನಲ್ಲಿ ಕಲಬೆರಕೆ ಎಂದರು. ಮಾವನವರು ದೃಷ್ಟಿ ಎಂದು ನಿಂಬೆಹಣ್ಣು ಕಟ್ಟಿಸಿದರು. ದೊಡ್ಡ ಗ್ಯಾರೇಜೊಂದು ಇಂಜೆಕ್ಟರನ್ನೇ ಬದಲಿಸಲು ಅಂದಾಜುಪಟ್ಟಿ ಬರೆದುಕೊಟ್ಟಿತು. ಮೂರರಲ್ಲಿ ಅಗ್ಗದ ಚಿಕಿತ್ಸೆ ಮಾವನವರದೇ.

ಕೊನೆಗೆ ಬೇವಿನ ಮರದಡಿಯ ಮೇಸ್ತ್ರಿ ಸ್ಟೇರಿಂಗ್ ಕೆಳಗೆ ಒಂದು ಸ್ಕ್ಯಾನರ್ ಸಿಕ್ಕಿಸಿ ಫೋನು ನೋಡಿದ. ಪಿ0118 ಎಂಬ ಕೋಡು, ಜೊತೆಗೆ ಆ ಮೈನಸ್ 40. "ಎಂಜಿನ್ನಿಗಿ ಏನೂ ಆಗಿಲ್ರಿ ಸರ್, ಸೆನ್ಸಾರ್ ಸುಳ್ಳ ಹೇಳ್ಲಕತ್ತದ," ಎಂದು ನಕ್ಕ.

ಎಂಜಿನ್ನನ್ನು ತಂಪಾಗಿಡುವ ಕೂಲಂಟಿನಲ್ಲಿ ಮೂತಿ ಅದ್ದಿಕೊಂಡು ಕೂರುವ, ಹೆಬ್ಬೆರಳಷ್ಟು ದಪ್ಪದ ಹಿತ್ತಾಳೆ ತುಂಡು ಅದು. ಒಳಗಿರುವುದು ಥರ್ಮಿಸ್ಟರ್: ತಣ್ಣಗಿದ್ದಾಗ ವಿದ್ಯುತ್ತನ್ನು ಜಾಸ್ತಿ ತಡೆಯುತ್ತದೆ, ಬಿಸಿಯಾದಷ್ಟೂ ಬಿಟ್ಟುಕೊಡುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2,500 ಓಮ್ ಆಸುಪಾಸು, 80 ಡಿಗ್ರಿಯಲ್ಲಿ ಬರೀ 300. ಈ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಸಿಲ್ವರ್ ಸಲ್ಫೈಡಿನಲ್ಲಿ ಗಮನಿಸಿದ್ದರು. ಒಳಗೆ ಎಲ್ಲೋ ಕಡಿದುಹೋದರೆ ಎಂಜಿನ್ನಿನ ಕಂಪ್ಯೂಟರಿಗೆ ಸಿಗುವುದು ಮುಗಿಯದ ತಡೆ. ಅಷ್ಟೊಂದು ತಡೆಯೆಂದರೆ ಅಷ್ಟೊಂದು ಚಳಿ ಎಂದು ಅದು ತೀರ್ಮಾನಿಸುತ್ತದೆ. ಕಡತದಲ್ಲಿ ಸತ್ತಿದ್ದಾನೆಂದು ಬರೆದಿದ್ದರೆ ಎದುರು ನಿಂತವನಿಗೂ ಪಿಂಚಣಿ ಕೊಡದ ಗುಮಾಸ್ತನ ಹಾಗೆ, ಚಳಿ ಎಂದು ಬಂದಮೇಲೆ ಅದು ತಣ್ಣಗಿನ ಎಂಜಿನ್ನಿಗೆ ಬೇಕಾದಷ್ಟು ಪೆಟ್ರೋಲು ಸುರಿಯುತ್ತಲೇ ಇತ್ತು. ಇದರ ಮೇಲೆ, ಯಾವುದಕ್ಕೂ ಇರಲಿ ಎಂದು ರೇಡಿಯೇಟರ್ ಫ್ಯಾನನ್ನೂ ಭರ್ರೆಂದು ಓಡಿಸುತ್ತಿತ್ತು! ಚಳಿಗೆ ಪೆಟ್ರೋಲು, ಸೆಕೆಗೆ ಗಾಳಿ, ಖರ್ಚು ಮಾತ್ರ ನನ್ನದು.

ಮೇಸ್ತ್ರಿ ಆತುರ ಮಾಡಲಿಲ್ಲ. ಸೆನ್ಸಾರಿನ ಪ್ಲಗ್ ಕಿತ್ತು, ಅದರ ಎರಡು ಪಿನ್ನುಗಳಿಗೆ ಒಂದು ತಂತಿ ಜೋಡಿಸಿದ. ಫೋನಿನ ಅಂಕಿ ಮೈನಸ್ 40ರಿಂದ ಒಂದೇ ನೆಗೆತಕ್ಕೆ 130 ದಾಟಿತು. "ವೈರಿಂಗ್ ಬರಾಬರ್ ಅದರಿ." ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕಾದು ಸೆನ್ಸಾರ್ ಬಿಚ್ಚಿದ. ಚಹಾದಂಗಡಿಯಿಂದ ಒಂದು ಲೋಟ ಬಿಸಿನೀರು ತರಿಸಿ, ಹಳೆಯದನ್ನೂ ಹೊಸದನ್ನೂ ಒಂದೊಂದಾಗಿ ಅದ್ದಿ ಮೀಟರ್ ಹಿಡಿದ. ಹೊಸದರ ಅಂಕಿ ಸರಸರ ಇಳಿಯಿತು. ಹಳೆಯದು ಜಪ್ಪಯ್ಯ ಅನ್ನಲಿಲ್ಲ. ಚಹಾದವನು ಬಿಸಿನೀರಿಗೂ ಚಹಾದ ರೊಕ್ಕವನ್ನೇ ತಗೊಂಡ. ಕೂಲಂಟು ವಿಷವಾದ್ದರಿಂದ ಆ ಲೋಟವನ್ನೂ ನಾವೇ ಕೊಳ್ಳಬೇಕಾಯಿತು. ಹೊಸ ಸೆನ್ಸಾರಿನ ಬೆಲೆ ಇಂಜೆಕ್ಟರ್ ಅಂದಾಜುಪಟ್ಟಿಯ ಜಿಎಸ್‌ಟಿಗಿಂತ ಕಡಿಮೆ.

ನಿಮ್ಮ ಕಾರೂ ಹೀಗೆ ಆಡುತ್ತಿದ್ದರೆ, ರಾತ್ರಿಯಿಡೀ ನಿಂತ ಗಾಡಿಗೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಸ್ಕ್ಯಾನರ್ ಹಚ್ಚಿ ನೋಡಿ. ಕೂಲಂಟಿನ ಉಷ್ಣತೆ, ಒಳಗೆಳೆದುಕೊಳ್ಳುವ ಗಾಳಿಯ ಉಷ್ಣತೆ ಹೆಚ್ಚುಕಮ್ಮಿ ಒಂದೇ ಇರಬೇಕು. ಇಲ್ಲದಿದ್ದರೆ ಪೆಟ್ರೋಲ್ ಬಂಕಿನವನನ್ನು ಬೈಯಬೇಡಿ, ಸೆನ್ಸಾರ್ ಬಿಚ್ಚಿಸಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ.