ಮನುಷ್ಯ, 100 ಪಿಕೊಫ್ಯಾರಡ್ ಮಾದರಿ: ಬಳಕೆಯ ಕೈಪಿಡಿ

ನಿಮ್ಮ ರಿಪೇರಿ ಮೇಜಿಗೆ ಒಬ್ಬ ಮನುಷ್ಯನನ್ನು ತಂದುಕೊಂಡಿದ್ದೀರಿ, ಅಭಿನಂದನೆಗಳು. ಅವನ ಕೈಗೆ ಬೋರ್ಡ್ ಕೊಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. (ಕೈಪಿಡಿಯನ್ನು ಯಾರೂ ಓದುವುದಿಲ್ಲ. ಆದರೂ ಅಚ್ಚು ಹಾಕಿಸುವುದು ಪದ್ಧತಿ.)

ತಾಂತ್ರಿಕ ವಿವರ: ಸ್ಥಿರವಿದ್ಯುತ್ ಪರೀಕ್ಷೆಯ ಲೆಕ್ಕದಲ್ಲಿ ಈ ಉಪಕರಣ 100 ಪಿಕೊಫ್ಯಾರಡ್‌ನ ಒಂದು ಕೆಪಾಸಿಟರ್, ಜೊತೆಗೆ 1,500 ಓಮ್‌ನ ಒಂದು ರೆಸಿಸ್ಟರ್, ಅಷ್ಟೆ. ಪದವಿ, ಅನುಭವ, ಸಂಬಳ ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ.

ಚಾರ್ಜ್ ಮಾಡುವ ವಿಧಾನ: ಬೇರೆ ಚಾರ್ಜರ್ ಬೇಕಿಲ್ಲ. ಪಾಲಿಯೆಸ್ಟರ್ ಅಂಗಿ ತೊಡಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆಗಾಗ ಟೀಗೆಂದು ಎಬ್ಬಿಸಿದರೆ ಸಾಕು. ಥರ್ಮೋಕೋಲ್ ಬಿಚ್ಚಲು ಹಚ್ಚಿದರೆ ಇನ್ನೂ ಬೇಗ. ಮಂಗಳೂರಿನ ಮಳೆಗಾಲದಲ್ಲಿ ತೇವಕ್ಕೆ ಚಾರ್ಜ್ ಸೋರಿಹೋಗುತ್ತದೆ. ಜನವರಿಯಲ್ಲಿ ರಾಯಚೂರಿನ ಒಣಹವೆಯಾದರೆ ಕೆಲವು ಸಾವಿರ ವೋಲ್ಟ್ ಸಲೀಸು.

ತಯಾರಿಕಾ ದೋಷ: ಸುಮಾರು 3,000 ವೋಲ್ಟ್‌ಗಿಂತ ಕಡಿಮೆಯ ಕಿಡಿ ಇದರ ಬೆರಳಿಗೆ ಗೊತ್ತೇ ಆಗುವುದಿಲ್ಲ. ಬೋರ್ಡಿನ ಮೇಲಿನ ಸಾಮಾನ್ಯ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಒಂದರ ಗೇಟಿಗೆ ಹಾಕಿರುವ ಮಿತಿಯೋ 20 ವೋಲ್ಟ್. ಹಾಗಾಗಿ ಈ ಉಪಕರಣ ‘ನಂಗೇನೂ ಶಾಕ್ ಹೊಡೀಲಿಲ್ವಲ್ಲ ಸಾರ್’ ಎಂದರೆ ನಂಬಿ. ಹೊಡೆದದ್ದು ಬೋರ್ಡಿಗೆ. ಬೋರ್ಡೂ ಕೂಡಲೇ ಸಾಯಬೇಕೆಂದಿಲ್ಲ. ಒಳಗೆ ಅರ್ಧ ಸುಟ್ಟುಕೊಂಡೇ ಟೆಸ್ಟಿಂಗಿನಲ್ಲಿ ಪಾಸಾಗಿ, ಗಿರಾಕಿಯ ಮನೆಯಲ್ಲಿ ನಾಲ್ಕು ದಿನ ದುಡಿದು ಆಮೇಲೆ ಕಣ್ಣು ಮುಚ್ಚುವುದುಂಟು. ಆಗ ‘ಮಾಲೇ ಡೂಪ್ಲಿಕೇಟು’ ಎಂದುಬಿಡುವುದು ವಾಡಿಕೆ.

ಅಳವಡಿಕೆ: ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿ. ಚರ್ಮಕ್ಕೆ ತಾಗಬೇಕು. ಅಂಗಿಯ ತೋಳಿನ ಮೇಲೆ ಪಟ್ಟಿ ಬಿಗಿದು, ಕ್ಲಿಪ್ಪನ್ನು ಬಣ್ಣ ಬಳಿದ ಬೀರುವಿಗೆ ಸಿಕ್ಕಿಸುವ ಶೈಲಿಯೂ ಇದೆ, ಆಭರಣವಾಗಿ ಅದು ಚೆನ್ನಾಗಿಯೇ ಕಾಣುತ್ತದೆ. ಪಟ್ಟಿಯ ತಂತಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ‘ಅಡ್ಡ ಯಾಕೆ’ ಎಂದು ಅದನ್ನು ಕಿತ್ತು ನೇರ ಜೋಡಿಸಬೇಡಿ. ಇನ್ನೊಂದು ಕೈ 230 ವೋಲ್ಟ್‌ಗೆ ತಗುಲಿದಾಗ ಕರೆಂಟನ್ನು ಕಾಲು ಮಿಲಿಆಂಪಿನೊಳಗೆ ಹಿಡಿದಿಡುವುದು ಅದೇ.

ಪಟ್ಟಿಗೆ ಅರ್ಥ್ ಕೊಡುವ ಗೋಡೆಯ ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂದೆ ಅರ್ಥ್ ತಂತಿ ಇದೆಯೇ ಎಂದೂ ನೋಡಿ. ಅನೇಕ ಮನೆಗಳಲ್ಲಿ ಆ ತೂತಿಗೆ ಇರುವುದು ಒಂದೇ ಉಪಯೋಗ: ಸ್ಕ್ರೂಡ್ರೈವರ್ ತುರುಕಿ ಒಳಗಿನ ಮುಚ್ಚಳ ಸರಿಸಿ, ಎರಡು ಪಿನ್ನಿನ ಚಾರ್ಜರ್ ನುಗ್ಗಿಸುವುದು.

ಬೋರ್ಡ್ ಮಾಡುವವರಿಗೆ: ಈ ಮನುಷ್ಯನನ್ನು ತಿದ್ದುವ ಆಸೆ ಬಿಟ್ಟು ಕನೆಕ್ಟರ್ ಪಕ್ಕದಲ್ಲೇ, ಏಟನ್ನು ಗ್ರೌಂಡಿಗೆ ಇಳಿಸುವ ಒಂದು ಟಿವಿಎಸ್ ಡಯೋಡ್ ಹಾಕಿ. ಅದನ್ನು ಐಸಿಯ ಹತ್ತಿರ ಒಯ್ದು ಕೂರಿಸುವುದೆಂದರೆ ಕಾವಲುಗಾರನನ್ನು ಅಡುಗೆಮನೆಯಲ್ಲಿ ನಿಲ್ಲಿಸಿದಂತೆ. ಮೇಲಿನ 1,500 ಓಮ್ ಲೆಕ್ಕಕ್ಕಿಂತ ಬಿರುಸಾದ, 8,000 ವೋಲ್ಟ್‌ನ ಕಾಂಟ್ಯಾಕ್ಟ್ ಪರೀಕ್ಷೆಯಲ್ಲಿ ಒಂದು ನ್ಯಾನೋಸೆಕೆಂಡಿನೊಳಗೆ ಸುಮಾರು 30 ಆಂಪ್ ನುಗ್ಗುತ್ತದೆ. ಡಯೋಡಿನಿಂದ ಗ್ರೌಂಡಿಗೆ 10 ಮಿಲಿಮೀಟರ್ ಟ್ರ್ಯಾಕ್ ಇದ್ದರೆ ಆ ಚೂರು ತಾಮ್ರದ ಮೇಲೇ 300ಕ್ಕೂ ಹೆಚ್ಚು ವೋಲ್ಟ್ ನಿಲ್ಲುತ್ತದೆ. ಡಯೋಡ್ ಎಷ್ಟು ದುಬಾರಿಯದಾದರೂ ಅಷ್ಟೇ. ಬೋರ್ಡಿನಲ್ಲಿ ರಿಲೇ ಇದ್ದರೆ, ಅದು ಆಫ್ ಆಗುವಾಗ ಕೊಡುವ ಏಟಿಗೂ ಕಾವಲು ಬೇಕು: ಅದರ ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿ. ಈ ಬಗ್ಗೆ ಚರ್ಚೆ ಬೇಡ.

ಗುಡುಗು-ಮಳೆಯ ಸೂಚನೆ: ಸ್ಪೈಕ್ ಗಾರ್ಡ್‌ನ ಕೆಂಪು ದೀಪ ಕರೆಂಟ್ ಇದೆ ಎಂದಷ್ಟೇ ಹೇಳುತ್ತದೆ. ಒಳಗಿನ ನೀಲಿ ಬಿಲ್ಲೆ, ಅಂದರೆ ವೇರಿಸ್ಟರ್, ಪ್ರತಿ ದೊಡ್ಡ ಏಟಿಗೂ ಒಂದಿಷ್ಟು ಸವೆಯುತ್ತದೆ, ಅದು ಸತ್ತ ಮೇಲೂ ದೀಪ ಉರಿಯುತ್ತಿರಬಹುದು. ಭರಣಿ ಮಳೆಯ ಮೋಡ ಕಂಡಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನೊಳಗಿನ ಮಿಲಿಮೀಟರುಗಳು ಲೆಕ್ಕಕ್ಕಿಲ್ಲ. ಪ್ಲಗ್ ಕೀಳಿಸಿ, ಡಿಶ್ ಕೇಬಲ್ಲನ್ನೂ ಬಿಚ್ಚಿಸಿ. ಗುಡುಗು ಶುರುವಾದ ಮೇಲೆ ಮಾತ್ರ ಮನುಷ್ಯನಿಂದ ಈ ಕೆಲಸ ಮಾಡಿಸಬೇಡಿ. ಈ ಮಾದರಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಸ್ಪೇರ್ ಸಿಗುವುದಿಲ್ಲ.