ಗೋಪುರವಿಕ್ರಯ ಪ್ರಸಂಗ

(ಪ್ಯಾರಿಸ್, 1925. ಐಫೆಲ್ ಗೋಪುರವನ್ನು ಕೊಂಡ ಗುಜರಿ ವರ್ತಕನೂ ಅವನ ಪತ್ನಿಯೂ. ಸಂಭಾಷಣೆ ಕಲ್ಪಿತ, ವಂಚನೆ ಮಾತ್ರ ನಿಜ.)

ಪತ್ನಿ: ಸರ್ಕಾರ ತನ್ನ ಗೋಪುರವನ್ನು ಕಚೇರಿ ಬಿಟ್ಟು ಹೋಟೆಲಿನಲ್ಲಿ ಮಾರುವುದುಂಟೇನು?

ವರ್ತಕ: ಅದು ಕ್ರಿಯೋನ್ ಹೋಟೆಲು ಕಣೆ! 1889ರ ಮಹಾಪ್ರದರ್ಶನಕ್ಕಾಗಿ ಇಪ್ಪತ್ತೇ ವರ್ಷದ ಆಯುಸ್ಸು ಪಡೆದು ಹುಟ್ಟಿ, ಅವಧಿ ಮೀರಿಯೂ ನಿಂತು, ದುರಸ್ತಿಯ ನೆಪದಲ್ಲಿ ಬೊಕ್ಕಸವನ್ನು ಬರಿದುಮಾಡುತ್ತಿರುವ ಆ ಏಳು ಸಾವಿರ ಟನ್ ಕಬ್ಬಿಣವನ್ನು, ಪ್ರಜೆಗಳು ಗದ್ದಲವೆಬ್ಬಿಸದಂತೆ ಗುಟ್ಟಾಗಿ ವಿಕ್ರಯಿಸಬೇಕೆಂದು ಅಂಚೆ-ತಂತಿ ಇಲಾಖೆಯ ಆ ಮಹಾಶಯರು ವಿನಯಪೂರ್ವಕವಾಗಿ ಅರುಹಿದಾಗ, ಸಂಶಯಪಡುವುದೇ ದೇಶದ್ರೋಹವೆಂದು ತೋರಿತು.

ಪತ್ನಿ: ನಾನು ಸಂಶಯಪಟ್ಟೆನಲ್ಲ!

ವರ್ತಕ: ನಿನ್ನಿಂದ ನನಗೂ ಅಂಟಿತ್ತು. ಆದರೆ ಅವರು ಸಂಬಳ ಸಾಲದೆಂದು ಸಂಕೋಚದಿಂದ ಲಂಚವನ್ನು ಯಾಚಿಸಲು, ಆ ಸಂಶಯ ಅಲ್ಲಿಯೇ ಕರಗಿತು. ಲಂಚ ಕೇಳದವನನ್ನು ಅಧಿಕಾರಿಯೆಂದು ಯಾವ ಪ್ರಮಾಣದಿಂದ ನಂಬಲಿ?

ಪತ್ನಿ: ಪೊಲೀಸರಿಗಾದರೂ ತಿಳಿಸಿ.

ವರ್ತಕ: ಊರೆಲ್ಲ ನಗಲೆಂದೆ?

(ಈ ಅಮೂಲ್ಯ ಮೌನವನ್ನೇ ಮೂಲಧನವಾಗಿ ನಂಬಿ, ಆಸ್ಟ್ರಿಯಾಕ್ಕೆ ಓಡಿಹೋಗಿದ್ದ ಆ ನಕಲಿ ಅಧಿಕಾರಿ ವಿಕ್ಟರ್ ಲುಸ್ಟಿಗ್ ಹಿಂದಿರುಗಿ, ಅದೇ ಗೋಪುರವನ್ನು ಮತ್ತೊಮ್ಮೆ ಮಾರಹೊರಟನು, ಈ ಸಲ ಸುದ್ದಿ ಪೊಲೀಸರಿಗೆ ಮುಟ್ಟಿತು, ಅವನು ಅಮೆರಿಕ ಸೇರಿದನು. ಅಲ್ಲಿ ಖೋಟಾನೋಟಿನ ಅಪರಾಧಕ್ಕಾಗಿ 1935ರಲ್ಲಿ ಸಿಕ್ಕಿಬಿದ್ದು, ಆಲ್ಕಟ್ರಾಜ್ ಸೆರೆಮನೆಯನ್ನು ಕಂಡು, ಕೈದಿಯಾಗಿಯೇ 1947ರಲ್ಲಿ ತೀರಿಕೊಂಡನು. ಗೋಪುರದ ಮಾರಾಟಕ್ಕೆ ಅವನಿಗೆ ಶಿಕ್ಷೆಯೇ ಆಗಲಿಲ್ಲ.)