ಅಣ್ಣಾ, ಆ ಡಬ್ಬಿ ಮುಚ್ಚು

ಅಮೆರಿಕದಿಂದ ಬರುವ ಮಕ್ಕಳ ಪೆಟ್ಟಿಗೆ ನೋಡಿದರೆ ಸಾಕು, ಅಪ್ಪ-ಅಮ್ಮನ ವಯಸ್ಸು ಗೊತ್ತಾಗುತ್ತದೆ. ಮೊದಮೊದಲು ಚಾಕೊಲೇಟು, ಬಾದಾಮಿ. ಆಮೇಲೆ ವಿಟಮಿನ್ ಮಾತ್ರೆ. ಅದಾದ ಮೇಲೆ ಬಿ.ಪಿ. ನೋಡುವ ಯಂತ್ರ. ಪೆಟ್ಟಿಗೆಯಿಂದ ಕ್ಯಾಮೆರಾ ಹೊರಬಂತೆಂದರೆ ಎಪ್ಪತ್ತೈದು ದಾಟಿತು ಎಂದೇ ಲೆಕ್ಕ.

ಮೈಸೂರಿನ ನಮ್ಮ ಪಕ್ಕದ ಮನೆ ರಾಯರಿಗೆ ಎಪ್ಪತ್ತೆಂಟು. ಡಲ್ಲಾಸಿನ ಮಗ ಈ ಸಲ ಬಂದವನು ಹಾಲ್‌ನಲ್ಲಿ, ಮಂತ್ರಾಲಯದ ರಾಯರ ಪಟದ ಪಕ್ಕದಲ್ಲೇ ಒಂದು ಕ್ಯಾಮೆರಾ ಕೂರಿಸಿ ಹೋದ. ಮಂತ್ರಾಲಯದವರು ನೋಡಿಯೂ ಸುಮ್ಮನಿರುತ್ತಾರೆ, ಡಲ್ಲಾಸಿನವನು ಇರುವುದಿಲ್ಲ. ಬೆಳಗ್ಗೆ ಏಳಕ್ಕೆ ಇವರು ಮೈಸೂರು ಪಾಕಿನ ಡಬ್ಬಿಗೆ ಕೈ ಹಾಕಿದರೆ, ಅಲ್ಲಿ ಹಿಂದಿನ ರಾತ್ರಿಯ ಊಟ ಮುಗಿಸಿ ಕೂತವನ ದನಿ ಗೋಡೆಯಿಂದ ಬರುತ್ತದೆ: “ಅಣ್ಣಾ, ಆ ಡಬ್ಬಿ ಮುಚ್ಚು.” ಅವರ ಮನೆಯಾಕೆಗೆ ಬೇರೆಯದೇ ಕಷ್ಟ. ಮಧ್ಯಾಹ್ನ ಊಟವಾದ ಮೇಲೆ ತಣ್ಣನೆಯ ನೆಲದ ಮೇಲೆ ಹಾಯಾಗಿ ಉರುಳುವ ಹಾಗಿಲ್ಲ. “ಅಲ್ಲಿ ಈಗ ಬೆಳಗಿನ ಜಾವ ಕಣೇ, ಮಲಗಿರ್ತಾನೆ” ಎಂದು ರಾಯರು ಸಮಾಧಾನ ಹೇಳಿದರೆ, “ರೆಕಾರ್ಡ್ ಆಗತ್ತಲ್ಲ, ಸೊಸೆ ನೋಡಿದರೆ?” ಎನ್ನುತ್ತಾರೆ. ಒಂದು ದಿನ ಕ್ಯಾಮೆರಾಕ್ಕೆ ಪಂಚೆ ಹೊದಿಸಿಬಿಟ್ಟರು. ಏನೂ ಕಾಣದೆ ಗಾಬರಿಯಾದ ಮಗ ನನಗೆ ಫೋನ್ ಮಾಡಿದ.

ಮಗನನ್ನು ಬೈಯುವುದು ಸುಲಭ. ಆದರೆ ಅವನ ಭಯ ಸುಳ್ಳಲ್ಲ. ಬಿದ್ದವರು ಯಾರೂ ನೋಡದೆ ಗಂಟೆಗಟ್ಟಲೆ ನೆಲದ ಮೇಲೇ ಉಳಿಯುವುದುಂಟು. ಏನು ಮಾಡೋಣ, ವಯಸ್ಸಾದವರು ಜಾರುವ ಜಾಗ ಬಚ್ಚಲಮನೆ. ಅಲ್ಲಿ ಕ್ಯಾಮೆರಾ ಇಡುವಂತಿಲ್ಲ. ಅಲ್ಲಿಗೆ ಬೇಕಾದದ್ದು ಗೋಡೆಗೊಂದು ಹಿಡಿಕೆ, ಜಾರದ ಮ್ಯಾಟು, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ. ಇವು ಅಮೆರಿಕದಿಂದ ತರುವ ಸಾಮಾನಲ್ಲ, ಹಾಗಾಗಿ ಯಾರಿಗೂ ಹೊಳೆಯುವುದಿಲ್ಲ. ಬಿದ್ದರೆ ಸುದ್ದಿ ಕೊಡುವ ಕೈಗಡಿಯಾರವೂ ಬಂದಿದೆ. ಜೋರಾದ ಏಟು, ಹಿಂದೆಯೇ ಅಲುಗಾಟವಿಲ್ಲದ ಮೌನ: ಇವೆರಡೂ ಕೂಡಿದರೆ ಅದಕ್ಕೆ ಸಂಶಯ. ಸಿಟ್ಟಿನಲ್ಲಿ ಮೇಜು ಗುದ್ದಿ ಮಾತುಬಿಡುವ ಗಂಡಂದಿರು ಎಚ್ಚರದಿಂದಿರಬೇಕು.

ಖಾಸಗಿತನ ಹರೆಯದವರ ಗೀಳು ಎನ್ನುವವರಿಗೆ ನಾನು ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು ಹೇಳುತ್ತೇನೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. 2012ರಲ್ಲಿ ಆಧಾರ್ ವಿಚಾರಕ್ಕೆ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಇಡೀ ದೇಶಕ್ಕೆ ಇದನ್ನು ಗೆದ್ದುಕೊಟ್ಟವರು ಒಬ್ಬ ಅಜ್ಜ! ಇದನ್ನು ಕೇಳಿ ರಾಯರು ಎದ್ದು ಕೂತರು. 2023ರ ದತ್ತಾಂಶ ಕಾಯ್ದೆ ಮನೆಯವರು ಮನೆಮಟ್ಟಿಗೆ ಬಳಸುವ ಮಾಹಿತಿಯ ತಂಟೆಗೆ ಬರುವುದಿಲ್ಲ ಎಂದಾಗ ಮತ್ತೆ ಒರಗಿದರು.

ನನಗೇನೋ ಮಗನಿಗಿಂತ ಗುರುತಿಲ್ಲದವರ ಕಣ್ಣಿನದೇ ಹೆದರಿಕೆ. 2016ರಲ್ಲಿ ‘ಮಿರಾಯ್’ ಎಂಬ ಕಳ್ಳ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೌಟರುಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತ್ತು. ರಾಯರು ಜಾಣರು, ಪಾಸ್‌ವರ್ಡ್ ಬದಲಾಯಿಸಿದ್ದಾರೆ. ಮರೆಯಬಾರದೆಂದು ಅದನ್ನು ಒಂಟಿಕೊಪ್ಪಲ್ ಪಂಚಾಂಗದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಬಂದವರಿಗೆಲ್ಲ ಕಾಣುವಂತೆ ಮೊಳೆಗೆ ನೇತುಹಾಕಿದ್ದಾರೆ.

ಕ್ಯಾಮೆರಾ ಇಲ್ಲದೆಯೇ ಹಿರಿಯರ ಕ್ಷೇಮ ತಿಳಿಯಲು ಜಪಾನಿನವರು 2001ರಲ್ಲೇ ಒಂದು ಉಪಾಯ ಕಂಡುಕೊಂಡಿದ್ದರು. ಜೋಜಿರುಶಿ ಕಂಪನಿಯ ನೀರು ಕಾಯಿಸುವ ಕೆಟಲ್ ಅದು. ಅಜ್ಜಿ ಚಹಾಕ್ಕೆ ನೀರು ಬಗ್ಗಿಸಿಕೊಂಡರೆ ದೂರದ ಮಕ್ಕಳಿಗೆ ಸುದ್ದಿ ಹೋಗುತ್ತದೆ. ಅಜ್ಜಿ ತಲೆ ಬಾಚಿದ್ದಾಳೋ ಇಲ್ಲವೋ, ಯಾರಿಗೂ ಕಾಣದು. ನಮ್ಮ ಬೀದಿಯಲ್ಲಿ ಈ ಕೆಲಸ ರಂಗೋಲಿಯದು. ಎಂಟಾದರೂ ಬಾಗಿಲಲ್ಲಿ ರಂಗೋಲಿಯಿಲ್ಲ, ಹಾಲಿನ ಪ್ಯಾಕೆಟ್ ಬಿದ್ದಲ್ಲೇ ಇದೆ ಎಂದರೆ ಯಾರಾದರೊಬ್ಬರು ಕದ ತಟ್ಟಿಯೇ ತಟ್ಟುತ್ತಾರೆ.

ಜಪಾನಿನ ಕಥೆ ಕೇಳಿದ ಮೇಲೆ ರಾಯರು ಮಗನೊಡನೆ ರಾಜಿ ಮಾಡಿಕೊಂಡರು. ಈಗ ಕ್ಯಾಮೆರಾ ಅಡುಗೆಮನೆಯಲ್ಲಿ, ಕಾಫಿ ಫಿಲ್ಟರಿನ ಕಡೆಗಷ್ಟೇ ಮುಖ ಮಾಡಿ ಕೂತಿದೆ. ದಿನಕ್ಕೆ ಎರಡು ಸಲ ಫಿಲ್ಟರ್ ತುಂಬಿದರೆ ಅಪ್ಪ-ಅಮ್ಮ ಕ್ಷೇಮ. ಮೊನ್ನೆ ಮೂರನೆಯ ಸಲ ತುಂಬಿದ್ದು ಯಾರಿಗೆ ಎಂದು ಗೋಡೆ ಕೇಳಿತಂತೆ. “ನೆಂಟರು ಬಂದಿದ್ದಾರೆ ಕಣೋ” ಎಂದರಂತೆ ರಾಯರು. ನೆಂಟರು ಅಂದರೆ ನಾನೇ. ಕಾಫಿ ಚೆನ್ನಾಗಿತ್ತು.